ದೀಪಾವಳಿ ಕಳೆದ ಮೇಲಿನ ಮಂಗಳವಾರ: ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ರಾಜ್ಯದ ಎಲ್ಲ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ತಾಲೂಕು ಆರೋಗ್ಯಾಧಿಕಾರಿಗಳು, ಗ್ರಾಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು. ಹಾಗೆಯೇ ಮನೆಯಲ್ಲೊಬ್ಬರ ಬಗ್ಗೆ ಕಳವಳ ಇಟ್ಟುಕೊಂಡು ಇದನ್ನು ಓದುತ್ತಿರುವ ಎಲ್ಲರಿಗೂ.

ವಿಷಯ: ಹಬ್ಬದ ನಂತರದ ದಿನಗಳಲ್ಲಿ ಮಾನಸಿಕ ಆರೋಗ್ಯ ಸೇವೆಯ ವಿಳಾಸ ಜನರಿಗೆ ಸಿಗುವಂತೆ ಮಾಡುವ ಬಗ್ಗೆ.

ಮಾನ್ಯರೇ,

ಮಹಾಲಯ ಅಮಾವಾಸ್ಯೆಯಿಂದ ಬಲಿಪಾಡ್ಯಮಿಗೆ ಒಂದು ತಿಂಗಳು. ಈ ಒಂದು ತಿಂಗಳಲ್ಲಿ ಮನೆ ತುಂಬುತ್ತದೆ, ನಿದ್ದೆ ಕೆಡುತ್ತದೆ, ಕೈಸಾಲ ಏರುತ್ತದೆ, ಕುಡಿತ ಹೆಚ್ಚುತ್ತದೆ, ದಿನಾ ನುಂಗುವ ಮಾತ್ರೆ ಮರೆತುಹೋಗುತ್ತದೆ. ಇದರ ಬಿಸಿ ತಟ್ಟುವುದು ಕಾರ್ತಿಕದಲ್ಲಿ. ಮಕ್ಕಳು ಬೆಂಗಳೂರಿನ ಬಸ್ಸು ಹತ್ತಿದ ಮೇಲೆ ಇಬ್ಬರೇ ಉಳಿದ ಹಿರಿಯರು, ಮನೆಯವರೊಬ್ಬರು ತೀರಿಹೋದ ಮೇಲೆ ಮೊದಲ ಹಬ್ಬ ಕಳೆದವರು, ಒಡವೆ ಒತ್ತೆಯಿಟ್ಟು ಹಬ್ಬ ಮಾಡಿದವರು, ಹೀಗೆ ಒಬ್ಬೊಬ್ಬರಿಗೂ ಒಂದೊಂದು ದಾರಿಯಲ್ಲಿ.

ಸೇವೆಯೇ ಇಲ್ಲವೆಂಬುದು ನಮ್ಮ ದೂರಲ್ಲ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ ಮಾದರಿಯನ್ನೇ ಹಿಡಿದು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ಶುಶ್ರೂಷಕರು ಸೇರಿದ ತಂಡ ಜಿಲ್ಲೆಗೊಂದು ಇರಬೇಕು. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. 14416 ಎಂಬ ಟೆಲಿ ಮನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ಹಗಲೂ ರಾತ್ರಿ ನಡೆಯುತ್ತಿದೆ. ಆದರೆ ಯಾವ ತಾಲೂಕಿಗೆ ಎಷ್ಟನೇ ಮಂಗಳವಾರ, ಯಾವ ಕೊಠಡಿ, ಎಷ್ಟು ಹೊತ್ತಿನವರೆಗೆ ಎಂಬುದು ಕಚೇರಿಯ ವೇಳಾಪಟ್ಟಿಯಲ್ಲಿ ಇರುತ್ತದೆಯೇ ಹೊರತು ಆಸ್ಪತ್ರೆಯ ಬಾಗಿಲಲ್ಲಿ ಇರುವುದಿಲ್ಲ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ 10.6ರಷ್ಟು ಮಂದಿಗೆ ಮಾನಸಿಕ ಕಾಯಿಲೆ ಕಂಡುಬಂದಿತ್ತು. ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇಷ್ಟು ದೊಡ್ಡ ಕಂದಕಕ್ಕೆ ಕಾರಣ ಹಲವು. ವಿಳಾಸ ತಿಳಿಯದಿರುವುದು ಅದರಲ್ಲೊಂದು, ಮತ್ತು ಅದನ್ನು ನೀವು ಈ ವಾರವೇ ಸರಿಪಡಿಸಬಹುದು.

ಮೊದಲು ಮನೆಯವರಿಗೆ ಒಂದು ಮಾತು. ಹಬ್ಬ ಮುಗಿದ ನಾಲ್ಕೈದು ದಿನ ಮೈಭಾರ, ಬೇಸರ, ಮನೆ ಬಿಕೋ ಎನ್ನುವುದು ಕಾಯಿಲೆಯಲ್ಲ. ಬೇಸರ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ಬಿಡದೆ ಇದ್ದು, ಅದರ ಜೊತೆಗೆ ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ ತೋರಿಸಲೇಬೇಕು. ಹಿರಿಯರಲ್ಲಿ ಇದು ಅಳುವಾಗಿ ಕಾಣುವುದು ಕಡಿಮೆ. ಮೈಕೈ ನೋವು, ಎದೆ ಉರಿ, ಬೆಳಗಿನ ಜಾವ ಮೂರಕ್ಕೇ ಎಚ್ಚರ, ‘ನನಗೆ ಊಟ ಸೇರ್ತಿಲ್ಲ’ ಎನ್ನುವ ಮಾತಾಗಿ ಬರುತ್ತದೆ. ‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಳಗೆ ಇಟ್ಟುಕೊಂಡವರಿಗೆ ಬಾಯಿಬಿಡಲು ಅವಕಾಶವಾಗುತ್ತದೆ. ಹೌದೆಂದರೆ ಎರಡು ವಾರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೊರಡಿ. ಅಲ್ಲಿಯವರೆಗೆ ಅವರನ್ನು ಒಂಟಿಯಾಗಿ ಬಿಡಬೇಡಿ. ಹೊಲಕ್ಕೆಂದು ತಂದ ಔಷಧಿ ಡಬ್ಬಗಳನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ಬೇರೆಯವರ ಹತ್ತಿರ ಕೊಡಿ. ಆ ಕೆಟ್ಟ ಗಳಿಗೆ ಬಹಳ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

ಇನ್ನು ಯಾರೂ ಹೆಚ್ಚು ಮಾತಾಡದ ಒಂದು ಅಪಾಯ. ಹಬ್ಬದ ತಿಂಗಳೆಲ್ಲ ಕುಡಿದು, ಕಾರ್ತಿಕದಲ್ಲಿ ಅಯ್ಯಪ್ಪನ ಮಾಲೆ ಹಾಕಿ ಒಂದೇ ದಿನಕ್ಕೆ ಪೂರ್ತಿ ನಿಲ್ಲಿಸುವವರು ಇದ್ದಾರೆ. ವ್ರತದ ಬಲದಿಂದ ಕುಡಿತ ಬಿಡುವ ಮನಸ್ಸು ದೊಡ್ಡದು, ಅದನ್ನು ನಾವು ಗೌರವಿಸುತ್ತೇವೆ. ಆದರೆ ವರ್ಷಗಟ್ಟಲೆ ದಿನಾ ಕುಡಿದವರ, ಅದರಲ್ಲೂ ಬೆಳಿಗ್ಗೆ ಕೈನಡುಕ ನಿಲ್ಲಿಸಲು ಒಂದು ಪೆಗ್ ಬೇಕಾದವರ ಮಿದುಳು ಮದ್ಯಕ್ಕೆ ಒಗ್ಗಿಕೊಂಡಿರುತ್ತದೆ. ತಟ್ಟನೆ ನಿಲ್ಲಿಸಿದರೆ ಅದು ಕೆರಳುತ್ತದೆ. ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ತಳಮಳ. 48 ಗಂಟೆಯೊಳಗೆ ಕೆಲವರಿಗೆ ಫಿಟ್ಸ್. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಹಗಲು ರಾತ್ರಿ ತಿಳಿಯದ ಬಡಬಡಿಕೆ, ಗೋಡೆಯ ಮೇಲೆ ಹುಳ ಹರಿದಂತೆ ಕಾಣುವುದು, ಜ್ವರ. ಮನೆಯವರು ಇದನ್ನು ಗಾಳಿ ಸೋಕಿದ್ದು ಎನ್ನುತ್ತಾರೆ, ಇಲ್ಲವೇ ಸ್ವಾಮಿ ಮೈಮೇಲೆ ಬಂದಿದ್ದಾನೆ ಎನ್ನುತ್ತಾರೆ. ಇದು ಮದ್ಯ ನಿಂತಾಗ ಬರುವ ಸನ್ನಿ. ಚಿಕಿತ್ಸೆ ಇಲ್ಲದಿದ್ದರೆ ಪ್ರಾಣಕ್ಕೇ ಕುತ್ತು.

ತಡೆಯುವುದು ಕಷ್ಟವಲ್ಲ. ಮಾಲೆ ಹಾಕುವ ಒಂದು ವಾರ ಮೊದಲೇ ವೈದ್ಯರನ್ನು ಕಾಣಬೇಕು. ಡಯಾಜೆಪಾಂ ಅಥವಾ ಲೊರಾಜೆಪಾಂ ಜಾತಿಯ ಮಾತ್ರೆಯನ್ನು ಸುಮಾರು ಒಂದು ವಾರದಲ್ಲಿ ದಿನದಿಂದ ದಿನಕ್ಕೆ ಇಳಿಸುತ್ತಾ ಕೊಡುತ್ತಾರೆ, ಜೊತೆಗೆ ಥಯಮಿನ್ ಎಂಬ ಬಿ1 ಜೀವಸತ್ವ. ಹಿಂದೆ ಫಿಟ್ಸ್ ಬಂದವರು, ಲಿವರ್ ಕೆಟ್ಟವರು ಒಳರೋಗಿಯಾಗಿ ಇರಬೇಕು. ಮೆಡಿಕಲ್ ಸ್ಟೋರಿನಿಂದ ತಾವೇ ನಿದ್ದೆ ಮಾತ್ರೆ ತಂದು ನುಂಗುವುದು ಬೇಡ. ಅದರ ಮೇಲೆ ಕುಡಿದರೆ ಉಸಿರೇ ನಿಲ್ಲಬಹುದು. ಸುಸ್ತಾಗಿದೆಯೆಂದು ಇಂಥವರಿಗೆ ಬರೀ ಗ್ಲೂಕೋಸ್ ಬಾಟಲಿ ಏರಿಸುವುದೂ ತಪ್ಪು. ಮೈಯಲ್ಲಿ ಉಳಿದ ಅಷ್ಟಿಷ್ಟು ಬಿ1 ಆ ಸಕ್ಕರೆಯನ್ನು ಅರಗಿಸುವುದರಲ್ಲೇ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳುತ್ತದೆ, ಕೆಲವರ ನೆನಪಿನ ಶಕ್ತಿ ಮತ್ತೆ ಮರಳುವುದಿಲ್ಲ. ಥಯಮಿನ್ ಇಂಜೆಕ್ಷನ್ ಗ್ಲೂಕೋಸ್‌ಗೆ ಮೊದಲು ಅಥವಾ ಅದರ ಜೊತೆಗೇ ಹೋಗಬೇಕು. ತಾಲೂಕು ಆರೋಗ್ಯಾಧಿಕಾರಿಗಳೇ, ನವೆಂಬರ್ ಮಧ್ಯದೊಳಗೆ ನಿಮ್ಮ ಆಸ್ಪತ್ರೆಗಳ ತುರ್ತು ಕೊಠಡಿಯಲ್ಲಿ ಥಯಮಿನ್ ಮತ್ತು ಲೊರಾಜೆಪಾಂ ಇಂಜೆಕ್ಷನ್ ಇವೆಯೇ ಎಂದು ನೀವೇ ಬೀರು ತೆಗೆದು ನೋಡಿ. ಊರಿನ ಗುರುಸ್ವಾಮಿಗಳ ಜೊತೆ ಆಶಾ ಕಾರ್ಯಕರ್ತೆಯೋ ಆರೋಗ್ಯ ಸಹಾಯಕರೋ ಹತ್ತು ನಿಮಿಷ ಕೂತು ಮಾತಾಡಲಿ. ಮಾಲೆ ಹಾಕುವ ಮುನ್ನ ‘ದಿನಾ ಎಷ್ಟು ಕುಡೀತಿದ್ದೆ?’ ಎಂದು ಕೇಳುವ ಸಲಿಗೆ, ಅಧಿಕಾರ ಎರಡೂ ಗುರುಸ್ವಾಮಿಗಳಿಗಿದೆ.

ನಿದ್ದೆಯ ವಿಷಯವೂ ಹೀಗೆಯೇ ಕಣ್ಣಿಗೆ ಬೀಳುವುದಿಲ್ಲ. ಮನಸ್ಸು ಒಮ್ಮೆ ಅತಿ ಹುರುಪಿಗೆ, ಒಮ್ಮೆ ಅತಿ ಬೇಸರಕ್ಕೆ ಹೋಗುವ ಬೈಪೋಲಾರ್ ಕಾಯಿಲೆ ಇರುವವರಿಗೆ ಎರಡು ಮೂರು ರಾತ್ರಿಯ ಜಾಗರಣೆ, ದೂರದ ಪ್ರಯಾಣ, ಮನೆ ತುಂಬ ಗದ್ದಲ ಸಾಕು. ಮನಸ್ಸು ಮೇಲಕ್ಕೆ ಹಾರುತ್ತದೆ. ಮಾತು ನಿಲ್ಲುವುದಿಲ್ಲ, ಖರ್ಚಿಗೆ ಮಿತಿ ಇರುವುದಿಲ್ಲ, ನಿದ್ದೆಯೇ ಬೇಡವೆನಿಸುತ್ತದೆ. ‘ಹಬ್ಬದ ಹುರುಪು’ ಎಂದು ಮನೆಯವರು ವಾರ ಕಳೆಯುತ್ತಾರೆ. ಮೂರು ಗಂಟೆ ಮಲಗಿಯೂ ದಣಿವಿಲ್ಲದೆ ಓಡಾಡುತ್ತಿದ್ದರೆ ಅದು ಹುರುಪಲ್ಲ. ಈ ಕಾಯಿಲೆಗೆ ಲಿಥಿಯಂ ಮಾತ್ರೆ ನುಂಗುತ್ತಿರುವವರು ನೀರೂ ಕುಡಿಯದ ಉಪವಾಸ ಮಾಡಲೇಬಾರದು: ಮೈಯಲ್ಲಿ ನೀರು, ಉಪ್ಪು ಇಳಿದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗುತ್ತದೆ. ಕೈ ದಪ್ಪಗೆ ನಡುಗುವುದು, ವಾಂತಿ ಭೇದಿ, ನಡಿಗೆ ತೂರಾಡುವುದು ಅದರ ಗುರುತು. ಅಂಥ ಹೊತ್ತಲ್ಲಿ ಮುಂದಿನ ಮಾತ್ರೆ ಕೊಡದೆ ನೇರ ಆಸ್ಪತ್ರೆಗೆ.

ಹಬ್ಬದ ಸಾಲದ ಬಗ್ಗೆ ಚಿಕ್ಕದಾಗಿ ಹೇಳುತ್ತೇವೆ. ಬಟ್ಟೆ, ಬೀಗರ ಉಪಚಾರ, ದೀಪಾವಳಿಯ ಇಸ್ಪೀಟು ಎಲ್ಲ ಸೇರಿ ಕಂತು ಕಟ್ಟುವ ವಾರ ಬಂದಾಗ ಎದೆ ಹೊಡೆದುಕೊಳ್ಳುತ್ತದೆ. ಆಪ್ತ ಸಮಾಲೋಚನೆಯಿಂದ ಸಾಲ ತೀರುವುದಿಲ್ಲ, ನಿಜ. ಆದರೆ ಯಾರಿಗೆ, ಅಸಲೆಷ್ಟು, ಬಡ್ಡಿಯೆಷ್ಟು, ಯಾವ ತಾರೀಖು ಎಂದು ಒಂದೇ ಹಾಳೆಯಲ್ಲಿ ಬರೆದು ಮನೆಯ ಇನ್ನೊಬ್ಬರಿಗೆ ತೋರಿಸಿದ ಮೇಲೆ ಅದನ್ನು ಒಬ್ಬರೇ ಹೊತ್ತಂತಿರುವುದಿಲ್ಲ. ಮನೆ ಮುಂದೆ ನಿಂತು ಬೆದರಿಸಿ ವಸೂಲಿ ಮಾಡುವುದರ ವಿರುದ್ಧ ರಾಜ್ಯ 2025ರಲ್ಲಿ ಕಿರುಸಾಲ ಕಾನೂನು ತಂದಿದೆ. ಪೊಲೀಸರಿಗೆ ದೂರು ಕೊಡಬಹುದು. ಉಚಿತ ಕಾನೂನು ನೆರವಿಗೆ 15100.

ಈಗ ಹೋಗಬೇಕಾದ ಜಾಗಗಳು. ಎಲ್ಲಿಂದ ಶುರು ಮಾಡಬೇಕೆಂದು ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಅದು ಸಿಗದಿದ್ದರೆ 1800 891 4416. ಎರಡಕ್ಕೂ ದುಡ್ಡಿಲ್ಲ. ಭಾಷೆ ಕೇಳಿದಾಗ ಕನ್ನಡ ಆರಿಸಿ. ಮೊದಲು ಮಾತಾಡುವವರು ತರಬೇತಾದ ಸಮಾಲೋಚಕರು. ಬೇಕೆನಿಸಿದರೆ ಮನೋವೈದ್ಯರಿಗೋ ಮನಶ್ಶಾಸ್ತ್ರಜ್ಞರಿಗೋ ಕರೆ ದಾಟಿಸುತ್ತಾರೆ, ಹತ್ತಿರದ ಆಸ್ಪತ್ರೆಗೆ ಕಳಿಸುತ್ತಾರೆ. ಬಹಳ ಮಂದಿ ಮೊದಲ ಮಾತೇ ಹೊರಡದೆ ಫೋನ್ ಇಟ್ಟುಬಿಡುತ್ತಾರೆ. ‘ಹಬ್ಬ ಆದಾಗಿನಿಂದ ನಿದ್ದೆ ಬರ್ತಿಲ್ಲ, ಯಾರ ಜೊತೆ ಮಾತಾಡಬೇಕೋ ಗೊತ್ತಾಗ್ತಿಲ್ಲ’ ಎಂದರೆ ಸಾಕು, ಉಳಿದದ್ದನ್ನು ಅವರೇ ಕೇಳುತ್ತಾರೆ. ನಿಮ್ಮ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದೂ ಕೇಳಿ ಬರೆದುಕೊಳ್ಳಿ. ಕೈಮೀರಿದ ಪರಿಸ್ಥಿತಿಗೆ 108 ಅಥವಾ 112.

ಆಸ್ಪತ್ರೆಗೆ ಹೋಗುವಾಗ ಅರ್ಧ ಹಾಳೆಯಲ್ಲಿ ಬರೆದುಕೊಂಡು ಹೋಗಿ: ಯಾವತ್ತು ಶುರುವಾಯಿತು, ಎಷ್ಟು ಗಂಟೆ ನಿದ್ದೆ, ಊಟ ಎಷ್ಟಕ್ಕಿಳಿದಿದೆ, ದಿನಕ್ಕೆ ಎಷ್ಟು ಕುಡಿತ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ, ಬಿಪಿ, ಶುಗರ್, ಥೈರಾಯ್ಡ್ ಇದೆಯೇ, ಗರ್ಭಿಣಿಯೇ. ಹಳೆಯ ಮಾತ್ರೆಯ ಸ್ಟ್ರಿಪ್ ಖಾಲಿಯಾಗಿದ್ದರೂ ಜೊತೆಗಿರಲಿ. ಚೀಟಿಯಲ್ಲಿ ಬರೆದದ್ದು ಒಂದು, ಕೌಂಟರಿನಲ್ಲಿ ಕೊಟ್ಟದ್ದು ಇನ್ನೊಂದಾಗಿರುವುದುಂಟು. ಸ್ಟ್ರಿಪ್ ನೋಡಿದರೆ ಗೊತ್ತಾಗುತ್ತದೆ.

ಮಾತ್ರೆ ಶುರುವಾದ ಮೇಲೆ ಮೊದಲ ಹದಿನೈದು ದಿನವೇ ಕಷ್ಟದ್ದು. ಬೇಸರದ ಕಾಯಿಲೆಗೆ ಕೊಡುವ ಫ್ಲೂಆಕ್ಸೆಟಿನ್, ಎಸಿಟಲೊಪ್ರಾಂ ಮುಂತಾದವು ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು, ಆದರೆ ಹೊಟ್ಟೆ ತೊಳಸುವುದು, ತಲೆನೋವು, ಚಡಪಡಿಕೆ ಮೊದಲ ವಾರದಲ್ಲೇ ಬರುತ್ತವೆ. ತೊಂದರೆ ಮೊದಲು, ಗುಣ ಆಮೇಲೆ. ಇದನ್ನು ಯಾರೂ ಮುಂಚೆ ಹೇಳಿರುವುದಿಲ್ಲ, ಹಾಗಾಗಿ ‘ಈ ಮಾತ್ರೆ ನನಗೆ ಆಗೋದಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ದೇವರಿಗೆ ಹರಕೆ ಹೊತ್ತಿದ್ದರೆ ತೀರಿಸಿ, ಮಾತ್ರೆ ನಿಲ್ಲಿಸಬೇಡಿ. ಎರಡೂ ಒಟ್ಟಿಗೆ ನಡೆಯಬಹುದು. ಖಾಸಗಿಯಾಗಿ ತೋರಿಸುವುದಾದರೆ ಮನೋವೈದ್ಯರು ಎಂಬಿಬಿಎಸ್ ಮಾಡಿ ಮನೋವೈದ್ಯಶಾಸ್ತ್ರದಲ್ಲಿ ಮುಂದೆ ಓದಿದವರೇ, ಕ್ಲಿನಿಕಲ್ ಸೈಕಾಲಜಿಸ್ಟ್ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ಕೇಳುವುದು ನಿಮ್ಮ ಹಕ್ಕು. ಕುಡಿತ ಬಿಡಿಸುವ ಕೇಂದ್ರವಾದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ನೋಡಿ. ‘ಮೂರು ತಿಂಗಳು ಮನೆಯವರು ಬರಬಾರದು’ ಎನ್ನುವ ಕಡೆ ಯಾರನ್ನೂ ಬಿಟ್ಟುಬರಬೇಡಿ. ಸರಪಳಿ ಹಾಕಿ ಕೂಡಿಡುವುದನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 95ನೇ ಕಲಂ ನಿಷೇಧಿಸಿದೆ.

ಅದೇ ಕಾಯ್ದೆಯ 18ನೇ ಕಲಂ ಅಧಿಕಾರಿಗಳಾದ ನಿಮ್ಮ ಮೇಲೆ ಹೊಣೆ ಹೊರಿಸುತ್ತದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ, ಅವರ ಕೈಯಲ್ಲಿ ಬಿಪಿಎಲ್ ಕಾರ್ಡ್ ಇರಲಿ ಇಲ್ಲದಿರಲಿ, ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಚಿಕಿತ್ಸೆ ಉಚಿತ. ಅಗತ್ಯ ಔಷಧ ಪಟ್ಟಿಯಲ್ಲಿರುವ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲದಲ್ಲೂ ಉಚಿತವಾಗಿ ಸಿಗಬೇಕು. ಜೀವ ಕಳೆದುಕೊಳ್ಳಲು ಯತ್ನಿಸಿ ಬದುಕುಳಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ ಎನ್ನುತ್ತದೆ 115ನೇ ಕಲಂ. ಹೀಗಿದ್ದೂ ‘ಕೇಸಾಗುತ್ತೆ’ ಎಂಬ ಹೆದರಿಕೆಯಿಂದ ಎಷ್ಟೋ ಮನೆಯವರು ಆಸ್ಪತ್ರೆಗೆ ಹೋಗುವುದನ್ನೇ ತಡ ಮಾಡುತ್ತಾರೆ. ಈ ಒಂದು ಮಾತನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಸಿದರೂ ಉಪಕಾರ.

‘ಎಲ್ಲ ಕಾಲದಲ್ಲೂ’ ಎಂಬಲ್ಲೇ ಹಬ್ಬದ ತಿಂಗಳು ಎಡವುತ್ತದೆ. ಸಾಲು ರಜೆಯಲ್ಲಿ ಇಂಡೆಂಟ್ (ಔಷಧಿಯ ಬೇಡಿಕೆ ಪಟ್ಟಿ) ತಡವಾಗುತ್ತದೆ, ಉಗ್ರಾಣದಿಂದ ಮಾತ್ರೆ ಬರುವುದಿಲ್ಲ. ಭ್ರಮೆಯಂಥ ತೀವ್ರ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್ ಇದ್ದು, ಅದರ ಅಡ್ಡಪರಿಣಾಮ ತಡೆಯುವ ಟ್ರೈಹೆಕ್ಸಿಫೆನಿಡಿಲ್ ಮುಗಿದಿದ್ದರೆ ಕೈಕಾಲು ಸೆಟೆಯುತ್ತದೆ, ರೋಗಿ ಎರಡನ್ನೂ ಬಿಡುತ್ತಾನೆ, ಕಾಯಿಲೆ ಮರುಕಳಿಸುತ್ತದೆ. ದಸರೆಗೆ ಮೊದಲೇ ಎರಡು ತಿಂಗಳ ದಾಸ್ತಾನು ಬಂದಿರಬೇಕು, ಸ್ಥಿರವಾಗಿರುವ ರೋಗಿಗಳಿಗೆ ರಜೆಯ ದಿನಗಳನ್ನೂ ಲೆಕ್ಕಹಾಕಿ ಮಾತ್ರೆ ಕೊಡಬೇಕು. ಮನೋವೈದ್ಯರ ಮಂಗಳವಾರ ಸರ್ಕಾರಿ ರಜೆಯಾದರೆ ಬದಲಿ ದಿನವನ್ನು ವಾರ ಮೊದಲೇ ಘೋಷಿಸಿ, ದಾಖಲೆ ಪುಸ್ತಕದಲ್ಲಿರುವ ನಂಬರುಗಳಿಗೆ ಫೋನ್ ಮಾಡಿಸಿ. ಮೂವತ್ತು ನಲವತ್ತು ಕಿಲೋಮೀಟರ್ ಬಸ್ಸಿನಲ್ಲಿ ಬಂದು ಬೀಗ ನೋಡಿ ಮರಳಿದವರು ಇನ್ನೊಮ್ಮೆ ಬರುವುದು ಬಹಳ ಕಷ್ಟ. ಮಂಗಳವಾರ ಹೊಸದೇನನ್ನೂ ಶುರು ಮಾಡಬಾರದೆನ್ನುವ ಮನೆಗಳೂ ಇವೆ. ಅಂಥವರು ಬೇರೆ ದಿನ ಬಂದರೆ ಸಾಮಾನ್ಯ ವೈದ್ಯರೇ ಚಿಕಿತ್ಸೆ ಆರಂಭಿಸಲಿ, ಆ ಮಟ್ಟಿಗಿನ ತರಬೇತಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಭಾಗವೇ.

ನೋಂದಣಿ ಕೌಂಟರಿನ ಕಡೆ ಒಮ್ಮೆ ನೋಡಿ. ಹಿಂದೆ ನಲವತ್ತು ಜನ ನಿಂತಿರುವಾಗ ‘ಏನಮ್ಮಾ ತೊಂದರೆ?’ ಎಂದು ಗಟ್ಟಿಯಾಗಿ ಕೇಳುತ್ತಾರೆ. ಆ ಹೆಣ್ಣುಮಗಳು ತಲೆನೋವು ಎನ್ನುತ್ತಾಳೆ. ಸಾಮಾನ್ಯ ವಿಭಾಗದ ಚೀಟಿ ಸಿಗುತ್ತದೆ, ನೋವಿನ ಮಾತ್ರೆ ಸಿಗುತ್ತದೆ, ಆಕೆ ಬಂದ ಕಾರಣ ಹಾಗೆಯೇ ಉಳಿಯುತ್ತದೆ. ಕೊಠಡಿ ಸಂಖ್ಯೆ ಹೇಳಿದರೆ ಪ್ರಶ್ನೆಯಿಲ್ಲದೆ ಚೀಟಿ ಕೊಡಬೇಕೆಂದು ಸಿಬ್ಬಂದಿಗೆ ಲಿಖಿತ ಸೂಚನೆ ಕೊಡಿ. ಆದರೆ ಕೊಠಡಿ ಸಂಖ್ಯೆ ಆಕೆಗೆ ಮೊದಲೇ ಗೊತ್ತಿರಬೇಕು. ಅದಕ್ಕೇ ಈ ಬೋರ್ಡು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರ, ನಮ್ಮ ಕ್ಲಿನಿಕ್, ತಾಲೂಕು ಆಸ್ಪತ್ರೆ, ಪಂಚಾಯಿತಿ ಕಚೇರಿಯ ಹೊರಗೋಡೆಯಲ್ಲಿ, ಬಾಗಿಲು ಮುಚ್ಚಿದ್ದರೂ ಓದುವಂತೆ ಇರಲಿ:

ನಿದ್ದೆ ಬಾರದಿರುವುದು, ಮನಸ್ಸಿನ ಬೇಸರ, ಭಯ, ಕುಡಿತ ಬಿಡುವುದು: ಇದಕ್ಕೆಲ್ಲ ಚಿಕಿತ್ಸೆ ಇದೆ.
ಮನೋವೈದ್ಯರು ಸಿಗುವ ಆಸ್ಪತ್ರೆ: ........
ದಿನ: ತಿಂಗಳ ......ನೇ ಮಂಗಳವಾರ. ಸಮಯ: ...... ರಿಂದ ...... ಕೊಠಡಿ: ......
ಆ ದಿನ ರಜೆಯಿದ್ದರೆ: ........
ಉಳಿದ ದಿನ ಕೇಳಬೇಕಾದವರು, ಕಚೇರಿಯ ಫೋನ್: ........
ಯಾವ ಹೊತ್ತಿನಲ್ಲಾದರೂ: 14416

‘ಹುಚ್ಚು’, ‘ಮಾನಸಿಕ ಅಸ್ವಸ್ಥ’ ಎಂಬ ಪದಗಳು ಅದರಲ್ಲಿ ಬೇಡ. ಬೋರ್ಡಿನ ಕೆಳಗೆ ನಿಂತು ಓದುವುದನ್ನು ಊರಿನವರು ನೋಡುತ್ತಿರುತ್ತಾರೆ.

ಆಶಾ ಕಾರ್ಯಕರ್ತೆಯರ ಕೈಯಲ್ಲಿ ಆಗಲೇ ಒಂದು ಒಳ್ಳೆಯ ಸಾಧನವಿದೆ. ಬಿಪಿ ಶುಗರ್ ತಪಾಸಣೆಗೆಂದು 30 ದಾಟಿದವರಿಗೆ ತುಂಬಿಸುವ ಸಿಬ್ಯಾಕ್ ಫಾರಂನಲ್ಲಿ ಮನಸ್ಸಿನ ಬಗ್ಗೆ ಎರಡು ಪ್ರಶ್ನೆಗಳಿವೆ: ಕಳೆದ ಎರಡು ವಾರಗಳಲ್ಲಿ ಕೆಲಸಗಳಲ್ಲಿ ಆಸಕ್ತಿ ಕಡಿಮೆಯಾಗಿತ್ತೇ, ಬೇಸರ ಹತಾಶೆ ಕಾಡಿತ್ತೇ. ಒಂದೊಂದಕ್ಕೆ 0ಯಿಂದ 3 ಅಂಕ. ಒಟ್ಟು 3 ದಾಟಿದರೆ ಸಮುದಾಯ ಆರೋಗ್ಯಾಧಿಕಾರಿಯ ಅಥವಾ ವೈದ್ಯರ ಬಳಿ ಕಳಿಸಬೇಕು. ಅತ್ತೆಯ ಮುಂದೆ ಸೊಸೆಯನ್ನು, ಮಗನ ಮುಂದೆ ತಾಯಿಯನ್ನು ಕೇಳಿದರೆ ಉತ್ತರ ಸೊನ್ನೆಯೇ ಬರುತ್ತದೆ. ಹಿತ್ತಲಲ್ಲಿ ಪಾತ್ರೆ ತೊಳೆಯುವಾಗಲೋ ಹಾಲಿನ ಡೇರಿಗೆ ಹೋಗುವ ದಾರಿಯಲ್ಲೋ ಕೇಳಲಿ. ದೀಪಾವಳಿ ಕಳೆದ ಮೂರನೇ ವಾರದಲ್ಲಿ ಒಂಟಿ ಹಿರಿಯರು, ಈ ವರ್ಷ ಸಾವು ಕಂಡ ಮನೆಗಳು, ಬಾಣಂತಿಯರು, ಮೊದಲೇ ಚಿಕಿತ್ಸೆಯಲ್ಲಿದ್ದು ಮಾತ್ರೆ ಬಿಟ್ಟವರು, ಇಷ್ಟು ಮನೆಗಳಿಗೆ ಮಾತ್ರ ಈ ಎರಡು ಪ್ರಶ್ನೆ ಹಿಡಿದು ಹೋಗಿಬರುವಂತೆ ಹೇಳಿ. ಆಶಾ ಒಬ್ಬರ ಪಾಲಿಗೆ ಅದು ಕೆಲವೇ ಮನೆ. ಆ ಕೆಲಸಕ್ಕೆ ಅವರ ಗೌರವಧನದಲ್ಲಿ ಲೆಕ್ಕವೂ ಇರಲಿ, ಬರೀ ಇನ್ನೊಂದು ಹೊರೆಯಾಗುವುದು ಬೇಡ.

ಬೋರ್ಡಿಗೆ ಬೇಕಾದದ್ದು ಒಂದು ತಗಡು, ಒಂದು ಡಬ್ಬ ಬಣ್ಣ, ಮತ್ತು ನಿಮ್ಮ ಕಚೇರಿಯಲ್ಲೇ ಇರುವ ವೇಳಾಪಟ್ಟಿಯ ಒಂದು ಪ್ರತಿ. ಕಾರ್ತಿಕದ ಮೊದಲ ಮಂಗಳವಾರದೊಳಗೆ ಅದು ಗೋಡೆಗೆ ಬರಲಿ ಎಂದು ಕೇಳಿಕೊಳ್ಳುತ್ತೇವೆ. ಬೋರ್ಡು ಬಂದ ಮೇಲೆ ಅದರಲ್ಲಿರುವ ಫೋನ್ ನಂಬರಿಗೆ ನೀವೇ ಒಮ್ಮೆ ಕರೆ ಮಾಡಿ ನೋಡಿ, ಯಾರು ಎತ್ತುತ್ತಾರೆ, ಏನು ಹೇಳುತ್ತಾರೆ ಎಂದು.

ಇಂತಿ,
ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವ ನಾವು